ಶುಗರ್ ನೋಡುವ ಶಿಬಿರದಲ್ಲಿ ಹೊಟ್ಟೆಗೂ ಒಂದು ಟೇಪ್ ಹಿಡಿಯಿರಿ

ಸಂಪಾದಕರಿಗೆ ನಮಸ್ಕಾರ,

ನಮ್ಮಪ್ಪ ತುಮಕೂರಿನ ಮಂಡಿಪೇಟೆ ಹತ್ತಿರ ಟೈಲರ್ ಅಂಗಡಿ ಇಟ್ಟಿದ್ದರು. ಈಗ ಅದನ್ನು ಅಣ್ಣ ನಡೆಸುತ್ತಾನೆ. ನಾನು ಇಲ್ಲೇ ಹೈಸ್ಕೂಲ್ ಮಕ್ಕಳಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಈ ಪತ್ರ ಬರೆಯೋದಕ್ಕೆ ಕಾರಣ ಆ ಅಂಗಡಿಯ ಅಳತೆ ಪುಸ್ತಕ. ರಟ್ಟು ಕಿತ್ತುಹೋಗಿ, ದಪ್ಪ ದಾರದಲ್ಲಿ ಮತ್ತೆ ಹೊಲಿದಿಟ್ಟ ಉದ್ದನೆಯ ಪುಸ್ತಕ ಅದು. ಒಂದೊಂದು ಹೆಸರಿನ ಕೆಳಗೂ ಉದ್ದ, ಭುಜ, ಎದೆ, ಹೊಟ್ಟೆ, ತೋಳು, ಕಾಲರ್ ಅಂತ ಅಂಕಿಗಳ ಸಾಲು.

ಅಣ್ಣನ ಅಳತೆಯೂ ಅದರಲ್ಲೇ ಇದೆ. 2004ರಲ್ಲಿ, ಮದುವೆಯ ಶರ್ಟಿಗೆ, ಅಪ್ಪ ಬರೆದದ್ದು: ಭುಜ 17, ಎದೆ 37, ಹೊಟ್ಟೆ 32. 2012ರಲ್ಲಿ ಹೊಟ್ಟೆ 34 ಮುಕ್ಕಾಲು. 2018ರಲ್ಲಿ 36 ಅರೆ. 2022ರ ದೀಪಾವಳಿಗೆ 38 ಇಂಚು. ಭುಜ ಮಾತ್ರ ಹದಿನೆಂಟು ವರ್ಷವೂ ಅದೇ 17. ಅವನ ಕೈಕಾಲು ಈಗಲೂ ಸಣ್ಣ, ತೂಕ 68 ಕೆ.ಜಿ, ಎತ್ತರ ಐದೂವರೆ ಅಡಿ, ಬೀದಿಯಲ್ಲಿ ಯಾರನ್ನೇ ಕೇಳಿ, ಅವನನ್ನು ದಪ್ಪ ಅಂತ ಒಬ್ಬರೂ ಹೇಳುವುದಿಲ್ಲ. ಪ್ಯಾಂಟಿನ ಅಳತೆ ನೋಡಿದರೂ ಗೊತ್ತಾಗುವುದಿಲ್ಲ, ಯಾಕೆಂದರೆ ಗಂಡಸರು ಹೊಟ್ಟೆ ಬಂದ ಹಾಗೆಲ್ಲ ಪ್ಯಾಂಟನ್ನು ಕೆಳಗಿಳಿಸಿ ಹಾಕಿಕೊಳ್ಳುತ್ತಾರೆ. ಸೊಂಟ 34 ಅಂತಲೇ ಇರುತ್ತದೆ, ಹೊಟ್ಟೆ ಅದರ ಮೇಲೆ ಕೂತಿರುತ್ತದೆ.

ಆ ದೀಪಾವಳಿ ಕಳೆದ ಮೇಲೆ ಒಂದು ಆರೋಗ್ಯ ತಪಾಸಣೆ ಶಿಬಿರಕ್ಕೆ ಅವನನ್ನು ನಾನೇ ಕಳಿಸಿದ್ದೆ. ಬೆರಳು ಚುಚ್ಚಿ ನೋಡಿದರು, 138 ಬಂತು, ನಾರ್ಮಲ್ ಅಂದರು. ನನಗೆ ಸಮಾಧಾನವಾಗದೆ ಲ್ಯಾಬಿನಲ್ಲಿ ಮಾಡಿಸಿದೆ. ಖಾಲಿ ಹೊಟ್ಟೆಯ ಸಕ್ಕರೆ 112, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.1. ರಿಪೋರ್ಟ್ ನೋಡಿದವರು ಹೇಳಿದ್ದು ಇಷ್ಟೇ: "ಶುಗರ್ ಏನಿಲ್ಲ, ಬಾರ್ಡರ್‌ನಲ್ಲಿದೆ, ಸಿಹಿ ಕಮ್ಮಿ ಮಾಡಿ." ಮನೆಗೆ ಬಂದು ಅತ್ತಿಗೆಗೆ ಅವನು ದಾಟಿಸಿದ್ದು ಅದರಲ್ಲಿ ಮೊದಲ ಎರಡು ಮಾತು ಮಾತ್ರ. ಅಲ್ಲಿಗೆ ವಿಷಯ ಮುಗಿಯಿತು.

2024ರ ಶುರುವಿನಲ್ಲಿ ಒಂದು ಬೆಳಿಗ್ಗೆ ಬಟ್ಟೆ ಕತ್ತರಿಸುತ್ತಾ ನಿಂತವನಿಗೆ ಎದೆ ಹಿಂಡಿದ ಹಾಗಾಯಿತು. ಗ್ಯಾಸ್ ಇರಬೇಕು ಅಂತ ಸೋಡಾ ತರಿಸಿ ಕುಡಿದ. ಎಡಗೈಗೆ ನೋವು ಇಳಿದು, ಬೆವರಿ ಶರ್ಟ್ ಪೂರ್ತಿ ಒದ್ದೆಯಾದಾಗ ಪಕ್ಕದ ಅಂಗಡಿಯವರು ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು. ಅಲ್ಲಿಂದ ಬೆಂಗಳೂರು, ಒಂದು ಸ್ಟೆಂಟ್. ಆಗ ಅವನಿಗೆ 49. ಬದುಕಿದ, ದೇವರು ದೊಡ್ಡವನು. ಆದರೆ ನಾನು ವಿಜ್ಞಾನ ಓದಿದವಳು, ಆ 6.1 ಅನ್ನು ಕೈಯಲ್ಲಿ ಹಿಡಿದುಕೊಂಡು ಸುಮ್ನೆ ಕೂತಿದ್ದೆನಲ್ಲ ಅನ್ನೋದು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅವನಿಗೆ ಬಿಪಿಯೂ ಸ್ವಲ್ಪ ಜಾಸ್ತಿ ಇತ್ತು, ಅಪ್ಪನಿಗೂ ಹೃದಯದ ತೊಂದರೆ ಇತ್ತು. ಹೊಟ್ಟೆ ಒಂದೇ ಕಾರಣ ಅಂತ ನಾನು ಹೇಳಲಾರೆ. ಆದರೆ ಬಾರ್ಡರ್ ಅಂದರೆ ಏನೂ ಇಲ್ಲ ಅಂತ ನಾವೆಲ್ಲ ತಿಳಿದುಕೊಂಡಿದ್ದೇವಲ್ಲ, ಅದು ತಪ್ಪು. ಯಾಕೆ ತಪ್ಪು ಅನ್ನೋದನ್ನು ನನ್ನ ಮಕ್ಕಳಿಗೆ ಹೇಳುವ ಹಾಗೆ ಇಲ್ಲಿ ಹೇಳುತ್ತೇನೆ.

ಕಾಲಿಗೆ ಜಾಲಿ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗಿ, ಊದಿ, ಬಿಸಿಯಾಗುತ್ತದೆ. ಬಿಳಿ ರಕ್ತಕಣಗಳು ಓಡಿ ಬಂದು ಅಲ್ಲಿ ಕೆಲಸ ಮಾಡುತ್ತವೆ. ಇದೇ ಉರಿಯೂತ. ಮುಳ್ಳು ತೆಗೆದರೆ ನಾಲ್ಕು ದಿನಕ್ಕೆ ಇಳಿಯುತ್ತದೆ. ಇದೇ ಉರಿಯೂತ ಹೊಟ್ಟೆಯ ಕೊಬ್ಬಿನಲ್ಲೂ ಆಗುತ್ತದೆ, ಆದರೆ ಅಲ್ಲಿ ನೋವಿಲ್ಲ, ಕೆಂಪಿಲ್ಲ, ಜ್ವರವಿಲ್ಲ. ಮತ್ತೆ ಅದು ನಾಲ್ಕು ದಿನಕ್ಕೆ ಮುಗಿಯುವುದೂ ಇಲ್ಲ, ವರ್ಷಗಟ್ಟಲೆ ನಡೆಯುತ್ತದೆ.

ಹೇಗೆ ಅಂತೀರಾ? ತಿಪಟೂರು ಕಡೆ ಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಟ್ಟು ಕೊಬ್ಬರಿ ಮಾಡುತ್ತಾರೆ. ಗಾಳಿ ಆಡುವಷ್ಟು ಹಾಕಿದರೆ ಸರಿ, ಅಟ್ಟ ತಡೆಯುವುದಕ್ಕಿಂತ ಜಾಸ್ತಿ ಒಟ್ಟಿದರೆ ಅಡಿಯಲ್ಲಿರೋದು ಕೊಳೆಯುತ್ತದೆ. ಕೊಬ್ಬಿನ ಕಣವೂ ಒಂದು ಅಟ್ಟವೇ. ತಿಂದು ಉಳಿದದ್ದನ್ನು ಅದು ಇಟ್ಟುಕೊಳ್ಳುತ್ತದೆ, ಅದರಲ್ಲಿ ಕೆಟ್ಟದ್ದೇನೂ ಇಲ್ಲ. ತುಂಬಿ ತುಂಬಿ ಕಣ ಉಬ್ಬಿದಾಗ ಅದಕ್ಕೆ ರಕ್ತ, ಆಮ್ಲಜನಕ ಸಾಲದೇ ಹೋಗುತ್ತದೆ. ಕೆಲವು ಕಣ ಸಾಯುತ್ತವೆ. ಸತ್ತದ್ದನ್ನು ಎತ್ತಿಹಾಕೋಕೆ ಮ್ಯಾಕ್ರೋಫೇಜ್ ಅನ್ನುವ ಬಿಳಿ ಕಣಗಳು ಬಂದು ಸುತ್ತಲೂ ನಿಲ್ಲುತ್ತವೆ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಸತ್ತ ಕಣಕ್ಕೆ ಕಿರೀಟ ಇಟ್ಟ ಹಾಗೆ ಕಾಣುತ್ತದೆ. ಈ ಕಣಗಳು ಬಿಡುವ ರಾಸಾಯನಿಕಗಳಿಗೆ ಟಿಎನ್‌ಎಫ್, ಐಎಲ್-6 ಅಂತೆಲ್ಲ ಹೆಸರು. ಬೊಜ್ಜಿರುವ ಇಲಿಗಳ ಕೊಬ್ಬಿನಲ್ಲಿ ಟಿಎನ್‌ಎಫ್ ಜಾಸ್ತಿ ಇದೆ, ಅದೇ ಸಕ್ಕರೆ ಇಳಿಸುವ ಇನ್ಸುಲಿನ್ನಿಗೆ ಅಡ್ಡ ಬರುತ್ತದೆ ಅಂತ ತೋರಿಸಿದ್ದು 1993ರಲ್ಲಿ. ಕೊಬ್ಬಿನೊಳಗೆ ಮ್ಯಾಕ್ರೋಫೇಜ್‌ಗಳೇ ಬಂದು ಸೇರಿಕೊಳ್ಳುತ್ತವೆ ಅಂತ ಗೊತ್ತಾದದ್ದು 2003ರಲ್ಲಿ. ಅಂದರೆ ಇದು ತೀರಾ ಹೊಸ ಸುದ್ದಿಯಲ್ಲ, ಇಪ್ಪತ್ತು ವರ್ಷಕ್ಕಿಂತ ಹಳೆಯದು. ನಮ್ಮ ಶಿಬಿರಗಳಿಗೆ ಮಾತ್ರ ಇನ್ನೂ ಬಂದಿಲ್ಲ.

ಈಗ ಹೃದಯದ ಮಾತಿಗೆ ಬರುತ್ತೇನೆ. ಹೊಟ್ಟೆಯೊಳಗೆ ಕರುಳಿನ ಸುತ್ತ ಕೂತ ಕೊಬ್ಬಿನಿಂದ ರಕ್ತ ನೇರವಾಗಿ ಲಿವರ್‌ಗೆ ಹೋಗುತ್ತದೆ. ಜೊತೆಗೆ ಕೊಬ್ಬಿನಾಮ್ಲಗಳೂ ಈ ರಾಸಾಯನಿಕಗಳೂ ಹೋಗುತ್ತವೆ. ಲಿವರ್ ಅದಕ್ಕೆ ಉತ್ತರವಾಗಿ ಸಿಆರ್‌ಪಿ ಅನ್ನುವ, ಉರಿಯೂತ ಇದೆ ಅಂತ ತೋರಿಸುವ ಪ್ರೋಟೀನ್ ಜಾಸ್ತಿ ಮಾಡುತ್ತದೆ, ಟ್ರೈಗ್ಲಿಸರೈಡ್ ಅನ್ನುವ ಕೊಬ್ಬನ್ನು ರಕ್ತಕ್ಕೆ ಜಾಸ್ತಿ ಬಿಡುತ್ತದೆ, ಒಳ್ಳೆ ಕೊಲೆಸ್ಟ್ರಾಲ್ ಅನ್ನುವ ಎಚ್‌ಡಿಎಲ್ ಇಳಿಯುತ್ತದೆ. ಆರೋಗ್ಯವಾಗಿರುವ ಕೊಬ್ಬು ಅಡಿಪೋನೆಕ್ಟಿನ್ ಅನ್ನುವ ಒಂದು ಹಾರ್ಮೋನ್ ಕೊಡುತ್ತಿರುತ್ತದೆ, ಅದು ರಕ್ತನಾಳವನ್ನು ಕಾಯುವಂಥದ್ದು, ಅದೂ ಕಮ್ಮಿಯಾಗುತ್ತದೆ. ರಕ್ತನಾಳದ ಒಳಗಿನ ನಯವಾದ ಪದರ ಒರಟಾಗಿ, ಬೇಕಾದಾಗ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ. ಕೆಟ್ಟ ಕೊಲೆಸ್ಟ್ರಾಲ್ ಆ ಪದರದೊಳಗೆ ನುಸುಳುತ್ತದೆ, ಅಲ್ಲಿಗೂ ಅದೇ ಮ್ಯಾಕ್ರೋಫೇಜ್‌ಗಳು ಬರುತ್ತವೆ, ಅದನ್ನು ನುಂಗಿ ಉಬ್ಬಿ ಅಲ್ಲೇ ಉಳಿದುಬಿಡುತ್ತವೆ. ವರ್ಷಗಳು ಕಳೆದ ಹಾಗೆ ಅದೇ ಗಡ್ಡೆಯಾಗುತ್ತದೆ. ಉರಿಯೂತ ಜೋರಿದ್ದಷ್ಟೂ ಆ ಗಡ್ಡೆಯ ಮೇಲಿನ ಹೊದಿಕೆ ತೆಳುವಾಗುತ್ತದೆ, ಒಂದು ದಿನ ಬಿರಿಯುತ್ತದೆ, ಅದರ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ನಾವು ಹಾರ್ಟ್ ಅಟ್ಯಾಕ್ ಅನ್ನುವುದು ಆ ದಿನವನ್ನು.

ಇದರ ಜೊತೆಗೆ ಹೃದಯದ ಮೇಲೇ ಒಂದು ಕೊಬ್ಬಿನ ಪದರ ಇರುತ್ತದೆ. ಅದಕ್ಕೂ ಹೃದಯದ ಮಾಂಸಕ್ಕೂ ಮಧ್ಯೆ ಯಾವ ಪೊರೆಯೂ ಇಲ್ಲ, ಎರಡಕ್ಕೂ ರಕ್ತ ಬರೋದು ಒಂದೇ ನಾಳಗಳಿಂದ. ಹೊಟ್ಟೆ ಬಂದವರಲ್ಲಿ ಈ ಪದರವೂ ಸಾಮಾನ್ಯವಾಗಿ ದಪ್ಪಗಿರುತ್ತದೆ. ಅಲ್ಲಿ ಉರಿಯೂತವಾದರೆ ಹೃದಯದ ರಕ್ತನಾಳಕ್ಕೆ ತಗಲೋಕೆ ದೂರ ಹೋಗಬೇಕಾಗಿಯೇ ಇಲ್ಲ.

ಇಷ್ಟೆಲ್ಲ ನಡೆಯುತ್ತಿರುವಾಗ ಶುಗರ್ ಯಾಕೆ ಏರುವುದಿಲ್ಲ? ಜನ ಎಡವೋದೇ ಇಲ್ಲಿ. ಇನ್ಸುಲಿನ್ ಮಾತು ಮೈ ಕೇಳದೇ ಹೋದಾಗ ಮೇದೋಜೀರಕ ಗ್ರಂಥಿ ಸುಮ್ಮನಿರುವುದಿಲ್ಲ, ಇನ್ನೂ ಜಾಸ್ತಿ ಇನ್ಸುಲಿನ್ ಸುರಿದು ಸಕ್ಕರೆಯನ್ನು ಹೇಗೋ ತಡೆದು ಹಿಡಿಯುತ್ತದೆ. ವರ್ಷಗಟ್ಟಲೆ ಹಿಡಿಯುತ್ತದೆ. ಅದು ಸೋಲೋಕೆ ಶುರುವಾದ ಮೇಲೆ ನಮಗೆ 5.8, 6.1 ಅಂತ ಕಾಣೋದು. ಅಂದರೆ ಸಕ್ಕರೆ ಬಾರ್ಡರಿಗೆ ಬರುವ ಹೊತ್ತಿಗೆ ಕೊಬ್ಬಿನ ಉರಿಯೂತಕ್ಕೆ, ರಕ್ತನಾಳದ ಸವೆತಕ್ಕೆ ಹಲವು ವರ್ಷ ವಯಸ್ಸಾಗಿರುತ್ತದೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4, ಈ ಗುಂಪಿನವರಿಗೆ ಸಕ್ಕರೆ ಸರಿಯಿರುವವರಿಗಿಂತ ಹೃದಯದ ಕಾಯಿಲೆ ಜಾಸ್ತಿ ಅಂತ ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದಾಗಲೂ ಕಂಡಿದೆ. ಭಯಪಡುವಷ್ಟು ಜಾಸ್ತಿ ಅಲ್ಲ. ಆದರೆ ಇಂಥವರು ನಮ್ಮಲ್ಲಿ ಎಷ್ಟು ಜನ ಅಂತ ನೋಡಿ: 2023ರಲ್ಲಿ ಪ್ರಕಟವಾದ ಐಸಿಎಂಆರ್ ಇಂಡಿಯಾಬ್ ಅಧ್ಯಯನದ ಲೆಕ್ಕದಲ್ಲಿ ದೇಶದಲ್ಲಿ ಡಯಾಬಿಟಿಸ್ ಇರುವವರು 10.1 ಕೋಟಿ, ಬಾರ್ಡರ್‌ನಲ್ಲಿರುವವರು 13.6 ಕೋಟಿ.

ಅಣ್ಣನ ಹೊಟ್ಟೆ ಮುಟ್ಟಿದರೆ ಗಟ್ಟಿ. ಮೊದಲೆಲ್ಲ ಅದನ್ನು ಒಳ್ಳೆಯದು ಅಂದುಕೊಂಡಿದ್ದೆವು. ಬೆಂಗಳೂರಿನಲ್ಲಿ ಡಾಕ್ಟರ್ ಒಬ್ಬರು ಬಿಡಿಸಿ ಹೇಳಿದರು, ಚಿವುಟಿದರೆ ಬೆರಳಿಗೆ ಸಿಗೋದು ಚರ್ಮದ ಕೆಳಗಿನ ಕೊಬ್ಬು, ಅದು ಅಷ್ಟೊಂದು ತೊಂದರೆ ಕೊಡುವುದಿಲ್ಲ, ಚಿವುಟೋಕೆ ಸಿಗದೆ ಒಳಗಿನಿಂದ ಹೊಟ್ಟೆಯನ್ನು ಮುಂದಕ್ಕೆ ತಳ್ಳುವುದೇ ಕೆಟ್ಟದ್ದು ಅಂತ. ನಮ್ಮ ದೇಶದವರ ಮೈಯೇ ಹಾಗೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ಇಬ್ಬರೂ ತಮ್ಮದೇ ಫೋಟೋ ಹಾಕಿ 2004ರಲ್ಲಿ ತೋರಿಸಿದರು. ಎತ್ತರಕ್ಕೆ ತೂಕ ಎಷ್ಟು ಅಂತ ಹೇಳುವ ಬಿಎಂಐ ಇಬ್ಬರದ್ದೂ 22.3. ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ತೂಕದ ಮಷೀನಿಗೆ ಇದು ಕಾಣುವುದಿಲ್ಲ. ಮೊದಲ ಹಾರ್ಟ್ ಅಟ್ಯಾಕ್ ನಮ್ಮ ಭಾಗದ ದೇಶಗಳವರಿಗೆ ಸರಾಸರಿ 53ಕ್ಕೇ ಬರುತ್ತದೆ, ಬೇರೆ ಕಡೆಯವರಿಗೆ 59ರ ಹತ್ತಿರ ಅಂತ 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಗೊತ್ತಾಗಿತ್ತು. ಹಾಗಾಗಿಯೇ ನಮಗೆ ಹೊಟ್ಟೆಯ ಗಡಿಯನ್ನು ಬೇರೆಯಾಗಿ ಹಾಕಿದ್ದಾರೆ, ಗಂಡಸರಿಗೆ 90 ಸೆಂ.ಮೀ, ಅಂದರೆ ಹೆಚ್ಚುಕಮ್ಮಿ ಮೂವತ್ತೈದೂವರೆ ಇಂಚು, ಹೆಂಗಸರಿಗೆ 80 ಸೆಂ.ಮೀ, ಮೂವತ್ತೊಂದೂವರೆ ಇಂಚು. ಅಣ್ಣ ಈ ಗೆರೆ ದಾಟಿದ್ದು 2018ಕ್ಕೂ ಮೊದಲೇ. ನಮ್ಮದೇ ಪುಸ್ತಕದಲ್ಲಿ, ನಮ್ಮದೇ ಕೈಬರಹದಲ್ಲಿ ಅದು ಇತ್ತು.

ಹೆಂಗಸರ ವಿಷಯ ಬೇರೆಯೇ ಹೇಳಬೇಕು. ಗಂಡಸರ ಹೊಟ್ಟೆಯಾದರೂ ಟೈಲರ್ ಪುಸ್ತಕದಲ್ಲಿ ಬರುತ್ತದೆ, ಹೆಂಗಸರದ್ದು ಎಲ್ಲೂ ಬರುವುದಿಲ್ಲ. ರವಿಕೆಯ ಅಳತೆ ಎದೆಯ ಕೆಳಗೆ ನಿಂತುಬಿಡುತ್ತದೆ. ಲಂಗಕ್ಕೆ ಲಾಡಿ, ಅದು ಎಷ್ಟು ಬೇಕೋ ಅಷ್ಟು ಸಡಿಲ ಆಗುತ್ತದೆ. ಮೇಲೆ ಐದೂವರೆ ಮೀಟರ್ ಸೀರೆ ಎಲ್ಲವನ್ನೂ ಮುಚ್ಚುತ್ತದೆ. ನನ್ನ ಹೊಟ್ಟೆಯ ಸುತ್ತಳತೆ ನನಗೇ ಗೊತ್ತಿರಲಿಲ್ಲ, ಮೊದಲ ಸಲ ಅಳೆದುಕೊಂಡದ್ದು ಅಣ್ಣ ಆಸ್ಪತ್ರೆಯಿಂದ ಬಂದ ಮೇಲೆ. ಮುಟ್ಟು ನಿಂತ ಮೇಲೆ ಹೆಂಗಸರ ಕೊಬ್ಬು ತೊಡೆ, ಪೃಷ್ಠ ಬಿಟ್ಟು ಹೊಟ್ಟೆಗೆ ಸೇರೋಕೆ ಶುರುವಾಗುತ್ತದೆ. ಬಸುರಿಯಲ್ಲಿ ಶುಗರ್ ಬಂದು ಹೋದವರಿಗೆ ಮುಂದೆ ಡಯಾಬಿಟಿಸ್, ಹೃದಯದ ಕಾಯಿಲೆ ಎರಡೂ ಬರುವ ಸಾಧ್ಯತೆ ಜಾಸ್ತಿ. "ಹೆರಿಗೆ ಆದ ಮೇಲೆ ಹೊಟ್ಟೆ ಬಂದೇ ಬರುತ್ತೆ ಬಿಡಮ್ಮ" ಅಂತ ನಾವು ನಾವೇ ಹೇಳಿಕೊಂಡು ಕೂತಿದ್ದೇವೆ.

ಉರಿಯೂತ ಅಂದ ಕೂಡಲೇ ಅದಕ್ಕೊಂದು ಮಾತ್ರೆ ಇರಬೇಕಲ್ಲ ಅಂತ ಅಣ್ಣನೂ ಕೇಳಿದ, ಪಾಠ ಮಾಡುವಾಗ ಮಕ್ಕಳೂ ಕೇಳಿದರು. 2017ರಲ್ಲಿ ಕ್ಯಾಂಟೋಸ್ ಅನ್ನುವ ದೊಡ್ಡ ಪ್ರಯೋಗದ ಫಲಿತಾಂಶ ಬಂತು, ಒಮ್ಮೆ ಹಾರ್ಟ್ ಅಟ್ಯಾಕ್ ಆಗಿ ಸಿಆರ್‌ಪಿ ಜಾಸ್ತಿಯಿದ್ದ ಹತ್ತು ಸಾವಿರ ಜನರ ಮೇಲೆ ನಡೆದದ್ದು. ಕೊಲೆಸ್ಟ್ರಾಲ್ ಮುಟ್ಟದೆ ಉರಿಯೂತವನ್ನು ಮಾತ್ರ ಇಳಿಸುವ ಇಂಜೆಕ್ಷನ್ ಕೊಟ್ಟರು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಮತ್ತು ರಕ್ತನಾಳದ ಕಾಯಿಲೆಯ ಸಾವು ಒಟ್ಟಿಗೆ ಸೇರಿ ನೂರಕ್ಕೆ 15ರಷ್ಟು ಕಮ್ಮಿಯಾಯಿತು. ಉರಿಯೂತ ಹೃದಯವನ್ನು ಕೆಡಿಸುತ್ತದೆ ಅನ್ನೋದಕ್ಕೆ ಅದು ದೊಡ್ಡ ಸಾಕ್ಷಿಯಾಯಿತು. ಆದರೆ ಸೋಂಕಿನಿಂದ ಸತ್ತವರು ಜಾಸ್ತಿಯಾದರು, ಮತ್ತೆ ಬಾರ್ಡರ್‌ನಲ್ಲಿದ್ದವರಿಗೆ ಡಯಾಬಿಟಿಸ್ ಬರೋದನ್ನು ಆ ಇಂಜೆಕ್ಷನ್ ತಡೆಯಲಿಲ್ಲ. ಹೊಗೆಯನ್ನು ಬೀಸಿ ಓಡಿಸಿದರೆ ಒಲೆ ಆರುವುದಿಲ್ಲ, ಅಲ್ವಾ? ಕೊಬ್ಬು ಕರಗಬೇಕು. ಉರಿಯೂತ ಇಳಿಸುತ್ತೇವೆ ಅಂತ ಮೊಬೈಲಿನಲ್ಲಿ ಬರುವ ಪುಡಿ, ಕ್ಯಾಪ್ಸೂಲುಗಳಿಗೆ ದಯವಿಟ್ಟು ದುಡ್ಡು ಹಾಕಬೇಡಿ. ಡಾಕ್ಟರ್ ಕೊಟ್ಟ ಬಿಪಿ, ಕೊಲೆಸ್ಟ್ರಾಲ್ ಮಾತ್ರೆಯನ್ನು ಮಾತ್ರ ನಿಲ್ಲಿಸಬೇಡಿ.

ನನಗೆ ಧೈರ್ಯ ಕೊಟ್ಟದ್ದು ಚೀನಾದ ಡಾಚಿಂಗ್ ಅನ್ನುವ ಊರಿನ ಕಥೆ. ಅಲ್ಲಿ 1986ರಲ್ಲಿ ಬಾರ್ಡರ್‌ನಲ್ಲಿದ್ದ 577 ಜನರನ್ನು ಆರಿಸಿ, ಅವರಲ್ಲಿ ಬಹಳಷ್ಟು ಜನರಿಗೆ ಊಟ ಸರಿಮಾಡಿಕೊಳ್ಳೋದು, ನಡೆಯೋದು, ಎರಡೂ ಸೇರಿಸಿ ಮಾಡೋದು ಹೀಗೆ ಆರು ವರ್ಷ ಹೇಳಿಕೊಟ್ಟರು. ಉಳಿದವರನ್ನು ಹೋಲಿಸಿ ನೋಡೋಕೆ ಹಾಗೇ ಬಿಟ್ಟರು. ಆಮೇಲೆ ಮೂವತ್ತು ವರ್ಷದ ತನಕ ಅವರ ಹಿಂದೆ ಬಿದ್ದು ಲೆಕ್ಕ ಇಟ್ಟರು. ಹೇಳಿಸಿಕೊಂಡವರಿಗೆ ಡಯಾಬಿಟಿಸ್ ಬಂದದ್ದು ಸುಮಾರು ನಾಲ್ಕು ವರ್ಷ ತಡವಾಗಿ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಸತ್ತವರು ನೂರಕ್ಕೆ 33ರಷ್ಟು ಕಮ್ಮಿ. ಆರು ವರ್ಷದ ಕೆಲಸ, ಮೂವತ್ತು ವರ್ಷದ ಫಲ. ನಮ್ಮ ಪಕ್ಕದ ಚೆನ್ನೈಯಲ್ಲೂ 531 ಜನರನ್ನು ಇಟ್ಟುಕೊಂಡು ಮಾಡಿದರು, 2006ರಲ್ಲಿ ಬಂದ ಫಲಿತಾಂಶದಲ್ಲಿ ಊಟ, ನಡಿಗೆಯಿಂದಲೇ ಡಯಾಬಿಟಿಸ್ ನೂರಕ್ಕೆ 28.5ರಷ್ಟು ಕಮ್ಮಿಯಾಗಿತ್ತು. ತೂಕದಲ್ಲಿ ನಾಲ್ಕೈದು ಕೆ.ಜಿ ಇಳಿದರೂ ಸಾಕು, ಒಳಗಿನ ಕೊಬ್ಬು ಬೇಗ ಕರಗುತ್ತದೆ.

ನಮ್ಮ ಮನೆಯಲ್ಲಿ ಏನು ಬದಲಾಯಿತು ಅಂದರೆ, ಮೊದಲು ಮುದ್ದೆಯ ಗಾತ್ರ. ತಾತ ಎರಡು ಮುದ್ದೆ ಉಂಡು ದಿನವೆಲ್ಲ ಹೊಲದಲ್ಲಿ ನೇಗಿಲು ಹಿಡಿಯುತ್ತಿದ್ದರು, ಅಣ್ಣ ಅದೇ ಎರಡು ಮುದ್ದೆ ಉಂಡು ದಿನವೆಲ್ಲ ಮಷೀನ್ ಮುಂದೆ ಕೂರುತ್ತಿದ್ದ. ರಾಗಿ ಒಳ್ಳೆಯದೇ, ಆದರೆ ಎಷ್ಟು ಉಂಡರೂ ಪರವಾಗಿಲ್ಲ ಅನ್ನೋದು ಸುಳ್ಳು. ಈಗ ಒಂದು ಚಿಕ್ಕ ಮುದ್ದೆ, ಅದಕ್ಕೆ ಸೊಪ್ಪು ಕಾಳಿನ ಸಾರು ಜಾಸ್ತಿ. ಸಂಜೆಯ ಬೋಂಡಾ, ದಿನಕ್ಕೆ ಆರು ಲೋಟ ಸಕ್ಕರೆ ಟೀ ಹೋಯಿತು. ಊಟ ಆದ ಕೂಡಲೇ ಹತ್ತು ನಿಮಿಷ ರಸ್ತೆಯ ಈ ತುದಿಯಿಂದ ಆ ತುದಿಗೆ, ಬೆಳಿಗ್ಗೆ ಅಮಾನಿಕೆರೆ ಸುತ್ತ ನಡಿಗೆ, ಇದು ಡಾಕ್ಟರ್ ಒಪ್ಪಿದ ಮೇಲೆ ಶುರುವಾದದ್ದು. ಹೊಟ್ಟೆ 38ರಿಂದ 35 ಮುಕ್ಕಾಲಿಗೆ ಬಂದಿದೆ. ಗೆರೆಯೊಳಗೆ ಬರೋಕೆ ಇನ್ನೂ ಕಾಲು ಇಂಚಿನಷ್ಟು ಇದೆ.

ಈಗ ನನ್ನ ಬೇಡಿಕೆ. ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬುವ ಫಾರಂನಲ್ಲಿ ಸುತ್ತಳತೆಯ ಕಾಲಂ ಈಗಾಗಲೇ ಇದೆ. ಗಂಡಸರಿಗೆ 90 ದಾಟಿದರೆ ಒಂದು ಅಂಕ, 100 ದಾಟಿದರೆ ಎರಡು. ಹೆಂಗಸರಿಗೆ 80 ದಾಟಿದರೆ ಒಂದು, 90 ದಾಟಿದರೆ ಎರಡು. ಎಲ್ಲ ಪ್ರಶ್ನೆ ಸೇರಿ ನಾಲ್ಕು ಅಂಕ ಮೀರಿದರೆ ಅವರನ್ನು ಮೊದಲು ತಪಾಸಣೆಗೆ ಕಳಿಸಬೇಕು. ಕೋಲಾರದಲ್ಲಿ 2024ರಲ್ಲಿ ಶುರುವಾದ ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೇ ಬಂದು ಬಿಪಿ, ಶುಗರ್ ನೋಡುತ್ತಾರೆ. ಹೀಗೆ ದಾರಿ ಇದೆ, ಕೆಲಸ ಮಾಡುವವರಿದ್ದಾರೆ. ನಾನು ಹೋದ ಶಿಬಿರಗಳಲ್ಲಿ ಮಾತ್ರ ಒಂದು ಕಡೆಯೂ ಟೇಪ್ ಹೊರಗೆ ಬರಲಿಲ್ಲ. ಒಂದು ಕಡೆ ಕೇಳಿದೆ. "ಇಷ್ಟು ಜನರ ಮಧ್ಯೆ ಹೆಂಗಸರ ಹೊಟ್ಟೆ ಹೇಗೆ ಅಳೆಯೋದು ಮೇಡಂ" ಅಂದರು. ಅವರು ಹೇಳಿದ್ದರಲ್ಲಿ ನ್ಯಾಯವಿದೆ. ಹಾಗಾಗಿ ಕೇಳುತ್ತಿದ್ದೇನೆ, ಪ್ರತಿ ಶಿಬಿರದಲ್ಲೂ ಒಂದು ಟೇಪ್, ಒಂದು ಪರದೆ, ಅಳೆಯೋಕೆ ಒಬ್ಬ ಹೆಣ್ಣುಮಗಳು ಇರಲಿ. ಬೆರಳು ಚುಚ್ಚಿದ ಅಂಕಿಯ ಪಕ್ಕದಲ್ಲೇ ಹೊಟ್ಟೆಯ ಅಂಕಿಯನ್ನೂ ಚೀಟಿಯಲ್ಲಿ ಬರೆದುಕೊಡಲಿ. ಎರಡೂ ಗೆರೆ ದಾಟಿದ್ದರೆ "ಏನಿಲ್ಲ" ಅಂತ ಕಳಿಸದೆ ಬಿಪಿ, ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ, ಮೂರು ತಿಂಗಳು ಬಿಟ್ಟು ಮತ್ತೆ ಬನ್ನಿ ಅಂತ ದಿನಾಂಕ ಹಾಕಿ ಕೊಡಲಿ.

ಅಲ್ಲಿಯ ತನಕ ಮನೆಯಲ್ಲೇ ಅಳೆದುಕೊಳ್ಳಬಹುದು. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ಟೇಪ್ ಇಡಿ, ಹೊಟ್ಟೆ ಒಳಗೆ ಎಳೆದುಕೊಳ್ಳಬೇಡಿ, ಉಸಿರು ಮಾಮೂಲಿಯಾಗಿ ಬಿಟ್ಟಾಗ ನೋಡಿ, ಬಟ್ಟೆಯ ಮೇಲೆ ಬೇಡ. ಟೇಪ್ ಇಲ್ಲದಿದ್ದರೆ ಒಂದು ದಾರ ಸಾಕು, ಅದರಲ್ಲಿ ನಿಮ್ಮ ಎತ್ತರ ಅಳೆದು, ಅದನ್ನು ಅರ್ಧಕ್ಕೆ ಮಡಿಸಿ ಹೊಟ್ಟೆಯ ಸುತ್ತ ಹಿಡಿಯಿರಿ, ತುದಿಗಳು ಸೇರದಿದ್ದರೆ ಒಂದು ಸಲ ರಕ್ತ ಪರೀಕ್ಷೆ ಮಾಡಿಸಿ.

ಅಣ್ಣ ಈಗ ಶರ್ಟಿಗೆ ಬಂದವರ ಹೊಟ್ಟೆಯ ಅಳತೆಯನ್ನು ಪುಸ್ತಕದಲ್ಲಿ ಬರೆಯೋದರ ಜೊತೆಗೆ ಬಿಲ್ಲಿನ ಹಿಂದೆಯೂ ಬರೆದುಕೊಡುತ್ತಾನೆ. ಹಳೇ ಗಿರಾಕಿಯಾದರೆ ಹಿಂದಿನ ಸಲದ ಅಂಕಿಯನ್ನೂ ಹುಡುಕಿ ಪಕ್ಕದಲ್ಲಿ ಹಾಕುತ್ತಾನೆ. ಹೋದ ವಾರ ಒಬ್ಬರು ಆ ಬಿಲ್ಲು ತೆಗೆದುಕೊಂಡು ನೇರ ಲ್ಯಾಬಿಗೆ ಹೋದರಂತೆ. 5.9 ಬಂದಿದೆ, ಈಗ ಏನು ಮಾಡೋದು ಅಂತ ಕೇಳಿಕೊಂಡು ಮತ್ತೆ ಅಂಗಡಿಗೇ ಬಂದರು.

ಇಂತಿ,
ಒಬ್ಬ ವಿಜ್ಞಾನ ಶಿಕ್ಷಕಿ
ತುಮಕೂರು